ಕಂದು ಬಣ್ಣದ ಡಬ್ಬಿ

ಮೆರ್ಲ್‌ಳ ಸಲೂನಿನಲ್ಲಿ ಮೂರು ಕುರ್ಚಿಗಳಿದ್ದವು. ರೊವೀನಾ ಕೊನೆಯದೇ ಬೇಕೆಂದು ಕೇಳಿ ಕೂತಿದ್ದಳು. ಅಲ್ಲಿಂದ ಕನ್ನಡಿಯಲ್ಲಿ ತನ್ನ ಮುಖ ಅಷ್ಟಾಗಿ ಕಾಣದಿದ್ದರೂ ಬೀದಿ ಬಾಗಿಲು ಚೆನ್ನಾಗಿ ಕಾಣುತ್ತಿತ್ತು. ಏಳು ವಾರಗಳಿಂದ ಅವಳು ಎಲ್ಲೇ ಕೂತರೂ ಮೊದಲು ಬಾಗಿಲು ಎಲ್ಲಿದೆ ಎಂದು ನೋಡಿಕೊಂಡೇ ಕೂರುತ್ತಿದ್ದಳು. ಹೊರಗೆ ಪರ್ತ್ ಕಡೆಗೆ ಹೊರಟ ಲಾರಿಗಳು ಒಂದರ ಹಿಂದೊಂದು ಗೇರು ಬದಲಿಸುವ ಸದ್ದು. ಪ್ರತಿ ಸದ್ದಿಗೂ ಅವಳ ಕಣ್ಣು ಬಾಗಿಲ ಕಡೆ ಹೋಗುತ್ತಿತ್ತು.

"ಏನ್ ಮಾಡೋಣ ಚಿನ್ನ?" ಮೆರ್ಲ್ ಅವಳ ಕೂದಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಅರವತ್ತು ದಾಟಿದ, ಬಾಯಿ ಜೋರಿನ ಹೆಂಗಸು. "ಮತ್ತೆ ಬಂಗಾರದ ಬಣ್ಣಾನೇ ಹಚ್ಲಾ, ಕಂದು ಮಾಡಿಬಿಡ್ಲಾ? ಹಿಂಗೇ ಬಿಟ್ರೆ ಮಾತ್ರ ಅರ್ಧ ಸೀದ ಬ್ರೆಡ್ ಥರ ಕಾಣ್ತೀಯ."

ಮಾತು ಸುಳ್ಳಲ್ಲ. ಬುಡದಲ್ಲಿ ಹೆಬ್ಬೆರಳಗಲ ಕಂದು ಬೆಳೆದು ನಿಂತಿತ್ತು, ಅದರ ಕೆಳಗೆಲ್ಲ ಹಳದಿ ಹೊನ್ನು. ನೋಡಿದವರು ಇನ್ನೊಮ್ಮೆ ನೋಡುವಂಥ ತಲೆ. ಇನ್ನೊಮ್ಮೆ ಯಾರೂ ನೋಡಬಾರದು ಎಂಬುದೇ ಈಗ ಅವಳ ಬದುಕಿನ ಏಕೈಕ ಆಸೆ.

"ಒಂದ್ನಿಮಿಷ, ಯೋಚನೆ ಮಾಡ್ತೀನಿ."

"ಮಾಡು, ಮಾಡು. ಹತ್ತು ನಿಮಿಷದಿಂದ ಅದನ್ನೇ ಮಾಡ್ತಾ ಇದ್ದೀಯ. ಮದುವೆ ಆಗೋಕೂ ಜನ ಇಷ್ಟು ಯೋಚನೆ ಮಾಡಲ್ಲಪ್ಪ."

ರೊವೀನಾ ನಕ್ಕಳು. ಮದುವೆಗೆ ಅವಳು ಹತ್ತು ನಿಮಿಷವನ್ನೂ ತೆಗೆದುಕೊಂಡಿರಲಿಲ್ಲ.

ಗಂಡ ಕ್ರೇಗ್‌ನದು ಮೆಲ್ಬರ್ನ್ ಹತ್ತಿರದ ವಾರಗುಲ್‌ನಲ್ಲಿ ಟೈರ್ ಅಂಗಡಿ. ಕಾರಿನ ಟೈರಲ್ಲ, ಲಾರಿಯದು. ಮೆಲ್ಬರ್ನ್‌ನಿಂದ ಪರ್ತ್‌ವರೆಗೆ ಓಡಾಡುವ ಚಾಲಕರಲ್ಲಿ ಅವನನ್ನು ಕಂಡರಿಯದವರು ಕಡಿಮೆ. ಎಲ್ಲರ ಬೆನ್ನು ತಟ್ಟುತ್ತಾನೆ, ಎಲ್ಲರ ಮಕ್ಕಳ ಹೆಸರು ಅವನಿಗೆ ಗೊತ್ತು. ಅಂಥ ಒಳ್ಳೆಯವನ ಹೆಂಡತಿ ಮನೆ ಬಿಟ್ಟು ಓಡಿದಳೆಂದರೆ ತಪ್ಪು ಯಾರದೆಂದು ಊರು ಕೇಳಬೇಕಾಗಿಯೇ ಇಲ್ಲ. ಅವನು ಹತ್ತಿರ ಸುಳಿಯಬಾರದೆಂದು ಮನೆ ಬಿಟ್ಟ ಮೇಲೆ ಪಡೆದ ಕೋರ್ಟಿನ ಆದೇಶ ಅವಳ ಕೈಚೀಲದಲ್ಲಿತ್ತು. ಕಾಗದ, ಅಷ್ಟೆ. ಸಿಟ್ಟು ಬಂದಾಗ ಅವನು ಬಾಗಿಲನ್ನೇ ಮುರಿದವನು. ಓಡಿ ಬರುವಾಗ ಅವಳು ಆಡಿಲೇಡ್‌ನಲ್ಲಿ ಪಶ್ಚಿಮಕ್ಕೆ ಅತಿ ದೂರ ಹೋಗುವ ಬಸ್ಸು ಯಾವುದೋ ಅದನ್ನು ಹತ್ತಿದ್ದಳು. ಆ ಬಸ್ಸು ಬಂದು ನಿಂತದ್ದು ಈ ಕಡಲತೀರದ ಊರು ಸೆಡೂನಾದಲ್ಲಿ. ಪರ್ತ್‌ಗೆ ಹೋಗುವ ಲಾರಿಗಳೆಲ್ಲ ಟೀ ಕುಡಿಯಲು ನಿಲ್ಲುವ ಊರೂ ಇದೇ ಎಂಬುದು ಇಳಿದ ಮೇಲೆ ತಿಳಿಯಿತು. ಅವಳ ಹಣೆಬರಹವೇ ಹಾಗೆ.

ಸಮುದ್ರದ ಸಿಂಪಿ ಸಾಕುವವರ ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ತಲೆಗೆ ಟೋಪಿ, ಕೈಗೆ ಗವಸು, ದಿನವಿಡೀ ಸಿಂಪಿ ತೊಳೆದು ಎಣಿಸಿ ಪೆಟ್ಟಿಗೆಗೆ ತುಂಬುವುದು. ಈ ಊರಿನಲ್ಲಿ ಅವಳ ಹೆಸರು ಅಲಿಸನ್. ಮಂಗಳವಾರ ಪೆಟ್ಟಿಗೆ ತುಂಬಿಸಿಕೊಳ್ಳಲು ಬಂದ ಲಾರಿಯವನೊಬ್ಬ ಅವಳನ್ನೇ ನೋಡುತ್ತಾ ನಿಂತ. "ನಿನ್ನ ಎಲ್ಲೋ ನೋಡಿದೀನಲ್ಲ?" ಎಂದ. "ನನ್ನ ಮುಖ ಎಲ್ಲರಿಗೂ ಹಂಗೇ ಅನ್ಸುತ್ತೆ," ಎಂದು ಅವಳು ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡು, ಲಾರಿ ಹೋಗುವ ತನಕ ಹೊರಗೆ ಬರಲಿಲ್ಲ. ಬಣ್ಣ ಬದಲಿಸಲೇಬೇಕು ಎಂದು ನಿರ್ಧಾರವಾದದ್ದು ಆ ಚಿಲಕದ ಹಿಂದೆ. ಹಾಗಾದರೆ ಇನ್ನೂ ಏನು ಯೋಚನೆ ಎಂದು ಯಾರಾದರೂ ಕೇಳಬಹುದು.

ಯೋಚನೆ ಒಂದು ಡಬ್ಬಿಯದು.

ಮನೆ ಬಿಡುವುದಕ್ಕೆ ಒಂದು ತಿಂಗಳ ಮುಂಚೆ ಅವಳು ಪಕ್ಕದೂರಿನ ಔಷಧಿ ಅಂಗಡಿಯಲ್ಲಿ ಕಂದು ಬಣ್ಣದ ಡೈ ಡಬ್ಬಿಯೊಂದನ್ನು ಕೊಂಡು, ಬಟ್ಟೆ ಒಗೆಯುವ ಕೋಣೆಯಲ್ಲಿ ಸೋಪಿನ ಪುಡಿಯ ಹಿಂದೆ ಬಚ್ಚಿಟ್ಟಿದ್ದಳು. ದಾರಿಯಲ್ಲಿ ಎಲ್ಲಾದರೂ ತಲೆಗೆ ಹಚ್ಚಿಕೊಂಡು ಬೇರೆ ಹೆಂಗಸಾಗಿ ಬಸ್ಸು ಹತ್ತುವ ಲೆಕ್ಕಾಚಾರ. ಆದರೆ ಹೊರಡುವ ಗಳಿಗೆ ಅವಳು ಗೊತ್ತು ಮಾಡಿದ್ದಲ್ಲ. ಒಂದು ಮಧ್ಯಾಹ್ನ ಅವನು ಕೂಗಾಡಿ, ಕುರ್ಚಿ ಎಸೆದು, ಸಿಗರೇಟು ತರಲು ಹೋದ. ಅವಳು ಕೈಚೀಲ ಎತ್ತಿಕೊಂಡು ಹಿಂಬಾಗಿಲಿಂದ ನಡೆದಳು. ಡಬ್ಬಿ ಅಲ್ಲೇ ಉಳಿಯಿತು.

ಅವನು ಅದನ್ನು ನೋಡಿದನೋ ಇಲ್ಲವೋ? ಹನ್ನೊಂದು ವರ್ಷದಲ್ಲಿ ಅವನು ಒಂದು ಕಾಲುಚೀಲವನ್ನೂ ಒಗೆದವನಲ್ಲ, ಆ ಕೋಣೆಗೆ ಕಾಲಿಟ್ಟವನಲ್ಲ. ಆದರೆ ಒಗೆಯುವವಳು ಹೋದ ಮೇಲೆ ಬಟ್ಟೆ ಯಾರು ಒಗೆಯುತ್ತಾರೆ? ಅವನೇ ಸೋಪಿನ ಪುಡಿ ಹುಡುಕಿದ್ದರೆ ಡಬ್ಬಿ ಸಿಕ್ಕಿರುತ್ತದೆ. ಸಿಕ್ಕಿದ್ದರೆ ಅವನ ಸ್ನೇಹಿತರೆಲ್ಲ ಈಗ ಕಂದು ಕೂದಲಿನವಳನ್ನು ಹುಡುಕುತ್ತಿರುತ್ತಾರೆ. ಕಂದು ಮಾಡಿಕೊಂಡರೆ ತಾನೇ ಹೋಗಿ ಬಲೆಗೆ ಬಿದ್ದಂತೆ. ಸಿಗದೇ ಇದ್ದರೆ ಹೊನ್ನಿನ ಬಣ್ಣದವಳನ್ನು ಹುಡುಕುತ್ತಾರೆ. ಹೀಗೇ ಉಳಿದರೆ ಅದೇ ಬಲೆ. ರಾತ್ರಿ ಹಗಲು ಅವಳು ಇದನ್ನೇ ತಿರುವಿ ಮುರುವಿ ಹಾಕಿ ಸೋತಿದ್ದಳು. ತಮಾಷೆಯೆಂದರೆ ಕಂದು ಅವಳ ಹುಟ್ಟುಬಣ್ಣ. ಹೊನ್ನು ಕ್ರೇಗ್‌ಗೆ ಇಷ್ಟವಾದದ್ದು.

"ಕಂದು," ಎಂದಳು ಕೊನೆಗೆ. ಅದು ತನ್ನ ಬಾಯಿಂದಲೇ ಬಂದಿತೇ ಎಂದು ಅವಳಿಗೇ ಅನುಮಾನವಾಯಿತು.

"ಆಯ್ತು. ಆದ್ರೆ ಒಂದೇ ಸಲಕ್ಕೆ ಆಗಲ್ಲ. ಬ್ಲೀಚ್ ಆದ ಕೂದಲಿಗೆ ನೇರವಾಗಿ ಕಂದು ಬಳಿದ್ರೆ ಹಸಿರು ತಿರುಗುತ್ತೆ, ಕೊಳದ ಪಾಚಿ ನೋಡಿದೀಯಲ್ಲ, ಹಂಗೆ. ಮೊದಲು ಕೆಳಗೆ ಕೆಂಪು ತುಂಬಬೇಕು. ಇಪ್ಪತ್ತು ನಿಮಿಷ ಬಿಟ್ಟು ಮೇಲೆ ಕಂದು. ಕೆಂಪು ಹಚ್ಚಿದ ಮೇಲೂ ಮನಸ್ಸು ಬದಲಾಯಿಸಬಹುದು, ಕಂದು ಹಚ್ಚಿದ ಮೇಲೆ ಅಳಬೇಡ."

ಮೆರ್ಲ್ ಬಟ್ಟಲಲ್ಲಿ ಕಲಸಿ, ಎಳೆ ಎಳೆ ಬಿಡಿಸಿ ಕೆಂಪು ಬಳಿಯತೊಡಗಿದಳು. ಕೈ ಹಗುರವಾಗಿತ್ತು. ಏಳು ವಾರದಲ್ಲಿ ಇನ್ನೊಬ್ಬರ ಕೈ ಅವಳ ತಲೆ ಮುಟ್ಟಿದ್ದು ಇದೇ ಮೊದಲು. ಮೆರ್ಲ್ ಮಗಳ ಮದುವೆಯಲ್ಲಿ ಕೇಕು ಬಿದ್ದ ಕಥೆ ಹೇಳಿದಳು, ಶೆಡ್ಡಿನ ಯಜಮಾನನನ್ನು ಆಡಿಕೊಂಡಳು. ರೊವೀನಾಳ ಭುಜ ತಾನಾಗಿ ಸ್ವಲ್ಪ ಇಳಿಯಿತು.

"ಹಳೇ ಕೆಲಸ ಅಚ್ಚುಕಟ್ಟಾಗಿದೆ ಕಣೆ. ಒಳ್ಳೇ ಕೈ. ಯಾರು ಮಾಡ್ತಿದ್ದಿದ್ದು?"

"ಡೆನೀಸ್. ವಾರಗುಲ್‌ನಲ್ಲಿ. ಒಂಬತ್ತು ವರ್ಷ ಅವಳ ಹತ್ರಾನೇ."

ಮಾತು ಬಾಯಿಂದ ಜಾರಿದ್ದು ಅವಳಿಗೆ ಗೊತ್ತಾಗಲೇ ಇಲ್ಲ. ಒಳ್ಳೆಯ ಕೈಗೆ ಹೊಗಳಿಕೆ ಸಲ್ಲಬೇಕಲ್ಲವೇ? ಮೆರ್ಲ್ ಸಣ್ಣ ಗಡಿಯಾರಕ್ಕೆ ಇಪ್ಪತ್ತು ನಿಮಿಷ ತಿರುವಿಟ್ಟು, ಗವಸು ಬಿಚ್ಚಿ, ಮುಂದಿನ ಮೇಜಿನತ್ತ ಹೋದಳು. ಟೀ ಮಾಡಲು ಇರಬೇಕು ಎಂದುಕೊಂಡು ರೊವೀನಾ ಕಣ್ಣು ಮುಚ್ಚಿದಳು.

"ಡೆನೀಸಾ? ನಮಸ್ಕಾರಮ್ಮ. ನಾನು ಮೆರ್ಲ್, ಸೆಡೂನಾದಲ್ಲಿ ಸಲೂನ್ ಇಟ್ಕೊಂಡಿದೀನಿ. ನಿಮ್ಮ ಹಳೇ ಗಿರಾಕಿ ಒಬ್ರು ನನ್ನ ಕುರ್ಚೀಲಿ ಇದಾರೆ, ಅಲಿಸನ್ ಅಂತ. ಅವರ ಬಣ್ಣದ ಚೀಟಿ ಇದ್ರೆ ಒಂಚೂರು ಓದಿ ಹೇಳ್ತೀರಾ?"

ಕೂದಲಿನ ಕಸುಬಿನವರಲ್ಲಿ ಇದೊಂದು ಪದ್ಧತಿ. ಪ್ರತಿ ಗಿರಾಕಿಗೂ ಒಂದು ಚೀಟಿ, ಅದರಲ್ಲಿ ಯಾವ ಬಣ್ಣ, ಎಷ್ಟು ಪಾಲು, ಎಷ್ಟು ಹೊತ್ತು. ಗಿರಾಕಿ ಊರು ಬಿಟ್ಟರೆ ಹೊಸಬಳು ಅಂಗಡಿಯ ನಂಬರು ಹುಡುಕಿ ಹಳಬಳಿಗೆ ಫೋನ್ ಮಾಡಿ ಕೇಳುತ್ತಾಳೆ, ಹಳಬಳು ಬೇಜಾರಿಲ್ಲದೆ ಓದಿ ಹೇಳುತ್ತಾಳೆ. ಇದರಷ್ಟು ಸಭ್ಯ ಕೆಲಸ ಇನ್ನೊಂದಿಲ್ಲ. ಅಂಥ ಸಭ್ಯತೆಯೇ ಒಬ್ಬಳ ಕುತ್ತಿಗೆಗೆ ಬರಬಹುದೆಂದು ಮೆರ್ಲ್‌ಗೆ ಹೊಳೆಯುವುದಾದರೂ ಹೇಗೆ?

ರೊವೀನಾ ಎದ್ದು ನಿಂತಿದ್ದಳು. ಫೋನ್ ಇಡುವಂತೆ ಕೈ ಬೀಸಿದಳು, ಮೆರ್ಲ್ ಬೆನ್ನು ಹಾಕಿ ನಿಂತಿದ್ದಳು.

"ಅಲಿಸನ್ ಅಂತ ಯಾರೂ ಇಲ್ವಾ? ಮೂವತ್ತೈದರ ಆಚೆ ಈಚೆ, ಉದ್ದ ಹೊಂಬಣ್ಣದ ಕೂದಲು, ನೆತ್ತೀಲಿ ಜೋಡಿ ಸುಳಿ ಇದೆ ನೋಡಿ, ಎಡಕ್ಕೆ ಬೈತಲೆ... ಹಲೋ? ಹಲೋ?" ಮೆರ್ಲ್ ಫೋನನ್ನು ದುರುಗುಟ್ಟಿ ನೋಡಿ ಕೆಳಗಿಟ್ಟಳು. "ಏನ್ ಹೆಂಗಸಪ್ಪ! 'ಅಂಥ ಗಿರಾಕಿ ನನಗೆ ಯಾವತ್ತೂ ಇರ್ಲಿಲ್ಲ' ಅಂತ ಪಟ್ ಅಂತ ಇಟ್ಬಿಟ್ಲು. ಅಯ್ಯೋ, ಯಾಕೆ ನಿಂತಿದೀಯ? ಬಣ್ಣ ಸೋರುತ್ತೆ, ಕೂತ್ಕೋ."

"ಊರಿನ ಹೆಸರು ಯಾಕೆ ಹೇಳಿದ್ರಿ?"

"ಹೇಳದೆ ಮತ್ತೆ?"

"ಅವಳು ಫೋನ್ ಕಿವಿಗೆ ಹಿಡ್ಕೊಂಡಿದ್ಲಾ, ಸ್ಪೀಕರ್‌ಗೆ ಹಾಕಿದ್ಲಾ?"

"ಸ್ಪೀಕರ್ರೇ ಇರ್ಬೇಕು, ಗವ್ ಅಂತಿತ್ತು. ಕೈ ಒದ್ದೆ ಇದ್ರೆ ನಾವೆಲ್ಲ ಹಂಗೇ ಹಾಕೋದು. ಏನಾಯ್ತೇ?"

"ಇವತ್ತು ಏನು ವಾರ?"

"ಗುರುವಾರ."

ಗುರುವಾರ. ಇಲ್ಲಿ ಗಂಟೆ ಹತ್ತೂಕಾಲು, ಅಲ್ಲಿ ಅರ್ಧ ಗಂಟೆ ಮುಂದೆ. ಮೂವತ್ತು ವರ್ಷದಿಂದ ಪ್ರತಿ ಗುರುವಾರ ಹತ್ತೂವರೆಗೆ ಡೆನೀಸಳ ಮೊದಲ ಕುರ್ಚಿಯಲ್ಲಿ ಕೂರುವವಳು ಜಾಯ್ಸ್, ಕ್ರೇಗ್‌ನ ತಾಯಿ. ಎಷ್ಟೋ ಗುರುವಾರ ರೊವೀನಾಳೇ ಅತ್ತೆಯನ್ನು ಕಾರಿನಲ್ಲಿ ಕರೆದೊಯ್ದು ಬಿಟ್ಟಿದ್ದಳು.

ಅವಳು ಕುರ್ಚಿಗೆ ಕುಸಿದು, ಕಪ್ಪು ಹೊದಿಕೆಯ ಅಂಚನ್ನು ಹಿಂಡುತ್ತಾ, ಎಲ್ಲವನ್ನೂ ಹೇಳಿದಳು. ನಿಜವಾದ ಹೆಸರು, ಟೈರ್ ಅಂಗಡಿ, ಡಬ್ಬಿ, ಮಂಗಳವಾರದ ಲಾರಿಯವನು. ಮೆರ್ಲ್ ಹೋಗಿ ಬಾಗಿಲಿಗೆ ಬೀಗ ಹಾಕಿ, 'ಮುಚ್ಚಿದೆ' ಎಂದು ಹಲಗೆ ತಿರುಗಿಸಿ, ಪರದೆ ಎಳೆದು ಬಂದಳು.

"ನನ್ನ ನಾಲಿಗೆಗೆ ಬೆಂಕಿ ಹಾಕ," ಎಂದಳು. "ಏನ್ ಮಾಡ್ಬಿಟ್ಟೆ ನಾನು! ಆ ಅತ್ತೆ ಎಂಥೋಳು? ಮಗನಿಗೆ ಹೇಳ್ತಾಳಾ?"

ಎಂಥವಳು? ಎಪ್ಪತ್ನಾಲ್ಕರ ಜಾಯ್ಸ್‌ಗೆ ಜಗತ್ತಿನಲ್ಲಿ ಎರಡೇ ಹೆಮ್ಮೆ: ಒಂದು ಮಗ, ಇನ್ನೊಂದು ತನ್ನ ತಲೆ. ಬೆಳ್ಳಗೆ, ಹತ್ತಿಯಂಥ ಕೂದಲು, ಪ್ರತಿ ಗುರುವಾರ ಸುರುಳಿ ಹಾಕಿಸಿ ಕೂರಿಸಿದ್ದು. "ನನ್ನದು ದೇವರು ಕೊಟ್ಟ ಬಿಳಿ, ನಿನ್ನದು ಡಬ್ಬಿ ಕೊಟ್ಟ ಹೊನ್ನು," ಎಂದು ಸೊಸೆಯನ್ನು ನೆಂಟರೆದುರೇ ಚುಚ್ಚುತ್ತಿದ್ದಳು. ಎರಡು ವರ್ಷದ ಹಿಂದಿನ ಈಸ್ಟರ್ ಊಟದ ದಿನ ರೊವೀನಾಳ ಬಲಹಣೆಯ ಮೇಲೆ ಹೊಲಿಗೆ ಬಿಚ್ಚಿದ ಹೊಸ ಗಾಯವಿತ್ತು. ಜಾಯ್ಸ್ ಅದನ್ನು ನೋಡಿದಳು. ಏನನ್ನೂ ಕೇಳಲಿಲ್ಲ. ಅಡುಗೆಮನೆಯಲ್ಲಿ ಬಾಚಣಿಗೆ ತೆಗೆದು, ಬಲಗಡೆಯಿದ್ದ ಬೈತಲೆಯನ್ನು ಎಡಕ್ಕೆ ಸರಿಸಿ, ಕೂದಲನ್ನು ಗಾಯದ ಮೇಲೆ ಇಳಿಬಿಟ್ಟು, "ಹಿಂಗೆ ಬಿದ್ರೆ ಕಾಣಲ್ಲ," ಎಂದು ಕುರಿಮಾಂಸದ ತಟ್ಟೆ ಎತ್ತಿಕೊಂಡು ಹೊರಗೆ ಹೋದಳು. ಮಗನ ಪಾಪಕ್ಕೆ ಪರದೆ ಎಳೆದಳು ಎಂದು ರೊವೀನಾ ಅವತ್ತಿನಿಂದ ಅವಳನ್ನು ಕ್ಷಮಿಸಿರಲಿಲ್ಲ. ಬೈತಲೆ ಮಾತ್ರ ಎಡದಲ್ಲೇ ಉಳಿದಿತ್ತು.

"ಹೇಳ್ತಾಳೆ," ಎಂದಳು. "ಹೇಳಿಯಾಗಿರುತ್ತೆ."

ವಾರಗುಲ್‌ನಿಂದ ಇಲ್ಲಿಗೆ ಎರಡು ದಿನದ ದಾರಿ. ಆದರೆ ಕ್ರೇಗ್ ತಾನೇ ಬರಬೇಕಾಗಿಲ್ಲ. ಒಂದು ಫೋನ್ ಸಾಕು, ಈ ಹೊತ್ತಿಗೆ ಪೆಟ್ರೋಲ್ ಬಂಕಿನಲ್ಲಿ ಟೀ ಕುಡಿಯುತ್ತಿರುವ ಯಾವನೋ ಸ್ನೇಹಿತ ಎದ್ದು ನಡೆದು ಬರುತ್ತಾನೆ. ಓಡಬೇಕು. ಆದರೆ ತಲೆಯಿಂದ ಕೆಂಪು ಸುರಿಸಿಕೊಂಡು ಬೀದಿಯಲ್ಲಿ ಓಡಿದರೆ ಇಡೀ ಊರೇ ತಿರುಗಿ ನೋಡುತ್ತದೆ. ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಹನ್ನೊಂದು ನಿಮಿಷ ಉಳಿದಿತ್ತು.

ಆಗ ಫೋನ್ ಬಡಿದುಕೊಂಡಿತು.

ಇಬ್ಬರೂ ಅದನ್ನೇ ನೋಡಿದರು. "ತೆಗೀಬೇಡಿ," ಎಂದಳು ರೊವೀನಾ. ಅದು ನಿಂತಿತು. ಮತ್ತೆ ಶುರುವಾಯಿತು. ಮೂರನೆಯ ಸಲ ಬಡಿದುಕೊಂಡಾಗ ಮೆರ್ಲ್ ಎತ್ತಿಕೊಂಡಳು. "ಇಲ್ಲಿ ಯಾರೂ ಇಲ್ಲ," ಎಂದಳು ಕೇಳುವ ಮೊದಲೇ. ಆಮೇಲೆ ಸುಮ್ಮನೆ ಕೇಳಿಸಿಕೊಂಡಳು. ಅವಳ ಕಣ್ಣು ಮೆಲ್ಲಗೆ ಕನ್ನಡಿಯಲ್ಲಿದ್ದ ರೊವೀನಾಳ ಮೇಲೆ ಬಂದು ನಿಂತಿತು.

"ಡೆನೀಸ್. ಸಲೂನಿನ ಹಿಂದಿನ ಓಣೀಲಿ ನಿಂತ್ಕೊಂಡು ತನ್ನ ಸ್ವಂತ ಫೋನಿಂದ ಮಾಡ್ತಿದಾಳೆ. ಪಕ್ಕದಲ್ಲಿ ನಿಮ್ಮತ್ತೆ ಇದಾಳಂತೆ. ನಿನ್ನ ಹತ್ರ ಮಾತಾಡ್ಬೇಕಂತೆ."

ರೊವೀನಾ ತಲೆ ಅಲ್ಲಾಡಿಸಿದಳು. ಮೆರ್ಲ್ ಫೋನನ್ನು ಅವಳ ಕಿವಿಯ ಹತ್ತಿರ ಹಿಡಿದಳು, ಬಣ್ಣ ತಾಗದಂತೆ, ಸ್ವಲ್ಪ ದೂರ.

"ಏನೇ, ಬದುಕಿದೀಯಾ?" ಅದೇ ಒಣ ದನಿ. "ಮಾತಾಡ್ಬೇಡ, ಕೇಳಿಸ್ಕೋ. ನೀನು ಎಲ್ಲಿದೀಯ ಅಂತ ನಾನು ಕೇಳಿಸ್ಕೊಂಡಿಲ್ಲ. ನನಗೆ ಕಿವಿ ಮಂದ, ಇಡೀ ಊರಿಗೇ ಗೊತ್ತು."

ರೊವೀನಾ ಫೋನಿಗೆ ಕಿವಿ ಇನ್ನಷ್ಟು ಹತ್ತಿರ ತಂದಳು.

"ಆ ಡಬ್ಬಿ ಅವನಿಗೆ ಸಿಕ್ತು."

ಸಿಕ್ಕಿತು. ಹಾಗಾದರೆ ಕಂದು ಮುಗಿಯಿತು. ಹೊನ್ನೂ ಇಲ್ಲ, ಕಂದೂ ಇಲ್ಲ. ಇನ್ನು ತಲೆ ಬೋಳಿಸಿಕೊಂಡರೂ ಅವನು ಬಿಡುವುದಿಲ್ಲ.

"ನೀನು ಹೋದ ನಾಲ್ಕನೇ ದಿನ. ನಾನು ಅವನ ಬಟ್ಟೆ ಒಗೆಯೋಕೆ ಹೋಗಿದ್ದೆ. ಕೈಯಲ್ಲಿ ಹಿಡ್ಕೊಂಡು ಬಂದ. 'ಇದೇನಮ್ಮಾ?' ಅಂದ. 'ನಂದು,' ಅಂದೆ."

"ನಿಮ್ಮದಾ?" ರೊವೀನಾಳ ಬಾಯಿಂದ ಬಂದೇಬಿಟ್ಟಿತು.

"ಮಾತಾಡ್ಬೇಡ ಅಂದ್ನಲ್ಲ. 'ನಿನ್ನದಾದ್ರೆ ಹಚ್ಕೋ, ನೋಡ್ತೀನಿ,' ಅಂದ. ಎದುರಿಗೆ ಕುರ್ಚಿ ಎಳ್ಕೊಂಡು ಕೂತ. ಅವರಪ್ಪನೂ ಹಂಗೇ ಕೂರೋನು. ಹಚ್ಕೊಂಡೆ. ನೆತ್ತಿಯಿಂದ ತುದೀವರೆಗೆ, ಆ ದರಿದ್ರ ಡಬ್ಬಿ ಖಾಲಿ ಆಗೋವರೆಗೆ. ತೊಳ್ಕೊಂಡು ನೋಡಿದ್ರೆ ಹಸಿರು ಕಣೇ! ಚರ್ಚಿನಲ್ಲಿ ಹುಡುಗರು ಬಿದ್ದು ಬಿದ್ದು ನಗ್ತಾರೆ. ಪಾಪ ಈ ಡೆನೀಸ್ ಆರು ವಾರದಿಂದ ಉಜ್ಜುತ್ತಾನೇ ಇದಾಳೆ, ಈಗ ಒಂದು ಥರಾ ಕಂದು ಅನ್ನೋ ಹಂಗಾಗಿದೆ."

ಹಿಂದಿನಿಂದ ಡೆನೀಸ್ ಏನೋ ಅಂದಳು. ಜಾಯ್ಸ್ ಅವಳನ್ನು ಗದರಿಸಿದಳು.

"ಅವನು ನಂಬಿದಾನೆ. ಊರೆಲ್ಲ ಹಂಚ್ತಿರೋದು ನಿನ್ನ ಹಳದಿ ತಲೆ ಫೋಟೋನೇ, ಆ ಸಮುದ್ರದ ಹತ್ರ ತೆಗೆಸಿದ್ದು. ಲಾರಿಯೋರ ಫೋನಿಗೆಲ್ಲ ಅದೇ ಕಳಿಸಿರೋದು. ಕಂದು ಮಾಡ್ಕೊ. ಇವತ್ತೇ ಮಾಡ್ಕೊ."

ನಂಬಬಹುದೇ? ಮಗನೇ ಹೀಗೆ ಹೇಳಿಸುತ್ತಿದ್ದರೆ? ಹೆದರಿದ ಮನಸ್ಸಿಗೆ ಎಲ್ಲವೂ ಉರುಳಾಗಿ ಕಾಣುತ್ತದೆ. ರೊವೀನಾ ಕನ್ನಡಿಯಲ್ಲಿ ತನ್ನ ಹಣೆ ನೋಡಿದಳು. ಬಣ್ಣ ಬಳಿಯಲು ಮೆರ್ಲ್ ಕೂದಲನ್ನೆಲ್ಲ ಹಿಂದಕ್ಕೆ ಎಳೆದಿದ್ದರಿಂದ ಗಾಯದ ಗುರುತು ಬಿಳಿಯಾಗಿ, ಪೂರ್ತಿಯಾಗಿ ಕಾಣುತ್ತಿತ್ತು. ಈಸ್ಟರ್ ದಿನ ಆ ಕೈ ಒಂದು ಸಲವೂ ತಡವರಿಸಿರಲಿಲ್ಲ. ಯಾವ ಗಾಯಕ್ಕೆ ಯಾವ ಕಡೆ ಬೈತಲೆ ತೆಗೆಯಬೇಕು ಎಂಬುದು ಆ ಕೈಗೆ ಕರಗತವಾಗಿತ್ತು. ಯಾರ ತಲೆಯ ಮೇಲೆ ಕಲಿತದ್ದು ಎಂದು ಎರಡು ವರ್ಷ ಅವಳು ಕೇಳಿಕೊಂಡೇ ಇರಲಿಲ್ಲ.

"ಅತ್ತೆ," ಎಂದಳು. ಹೆಸರು ಹಿಡಿದು ಕರೆಯುವುದೇ ರೂಢಿ. ಇವತ್ತು ಹೆಸರು ಬಾಯಿಗೆ ಬರಲಿಲ್ಲ. "ಬೈತಲೆ..."

"ಇನ್ನು ನಡುವೆ ತೆಗಿ," ಎಂದಳು ಜಾಯ್ಸ್. "ಅಲ್ಲಿ ಯಾರಿಗೂ ಏನೂ ಮುಚ್ಚಿಡೋದು ಬೇಡ." ಮತ್ತೆ, "ಆ ಬಣ್ಣ ನನಗಂತೂ ಒಪ್ಪಲಿಲ್ಲ. ನಿನಗೆ ಒಪ್ಪುತ್ತೆ," ಎಂದು ಫೋನ್ ಇಟ್ಟಳು.

ರೊವೀನಾ ಅತ್ತಳು. ಬಣ್ಣ ಕಣ್ಣಿಗೆ ಇಳಿದೀತೆಂದು ಮೆರ್ಲ್ ಅವಳ ಹಣೆಗೆ ಬಟ್ಟೆ ಒತ್ತಿ ಹಿಡಿದುಕೊಂಡು, ತಾನೂ ಮೂಗು ಏರಿಸುತ್ತಾ ನಿಂತಳು. ಗಡಿಯಾರ ಕಿರುಗುಟ್ಟಿತು. ಕೆಂಪು ತೊಳೆದದ್ದಾಯಿತು. ಮೆರ್ಲ್ ಕಂದು ಕಲಸಿದ ಬಟ್ಟಲು ತಂದು, ಕುಂಚ ಅದ್ದಿ, ಕೈ ತಡೆದಳು.

"ಹಚ್ಲಾ?"

"ಹಚ್ಚಿ."

ತಣ್ಣನೆಯ ಬಣ್ಣ ನೆತ್ತಿಗೆ ತಾಗಿತು. ಹೊರಗೆ ಲಾರಿಯೊಂದು ಗೇರು ಬದಲಿಸಿತು. ಈ ಸಲ ಅವಳ ಕಣ್ಣು ಬಾಗಿಲ ಕಡೆ ಹೋಗಲಿಲ್ಲ. ಅವಳಿಗೆ ಕಾಣುತ್ತಿದ್ದದ್ದು ಹಸಿರು ತಲೆಯ ಮುದುಕಿ, ಅವಳೆದುರು ಕುರ್ಚಿ ಎಳೆದುಕೊಂಡು ಕೂತ ಮಗ. ಅಂಥ ಮಗನಿಗೆ ಸುಳ್ಳು ಹೇಳಿ ಅದೇ ಊರಿನಲ್ಲಿ, ಅವನ ಬಟ್ಟೆ ಒಗೆಯುತ್ತಾ, ಎಷ್ಟು ದಿನ?

"ಮೆರ್ಲ್," ಎಂದಳು. "ಮುಂದಿನ ಗುರುವಾರ ಡೆನೀಸ್‌ಗೆ ಇನ್ನೊಂದು ಸಲ ಫೋನ್ ಮಾಡ್ತೀರಾ?"

"ಮಾಡದೆ? ನನ್ನ ಫೋನಿಂದ ಬೇಡ, ತಂಗಿ ಫೋನಿಂದ ಮಾಡ್ತೀನಿ. ಏನ್ ಕೇಳ್ಬೇಕು?"

"ಏನೂ ಬೇಡ. ಹತ್ತೂವರೆ ಗಿರಾಕಿ ಬಂದಿದಾರಾ ಅಂತ ಅಷ್ಟೇ ಕೇಳಿ."